ನೊರೆ ಬಂದ ಟೆಂಟು

ಟೆಂಟು ಸೋರಿದ್ದು ಕ್ಯಾಂಪಿನ ಎರಡನೆಯ ದಿನ, ಮಧ್ಯಾಹ್ನ. ಹುಡುಗಿಯರು ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದರು. ದೀಪಾವಳಿ ಕಳೆದ ಮೇಲೆ ಬರುವ ಜಿಟಿಜಿಟಿ ಮಳೆ ಅದು, ಮರ ಉರುಳಿಸುವಂಥದ್ದೇನಲ್ಲ. ಅರ್ಧ ಗಂಟೆಯಲ್ಲಿ ನಾಲ್ಕಕ್ಕೆ ನಾಲ್ಕು ಟೆಂಟೂ ಸೋರತೊಡಗಿದವು. ಒಂದು ಮೂಲೆಯಲ್ಲಿ ತೊಟ್ಟಿಕ್ಕಿದರೆ ಕೆಳಗೊಂದು ಬಕೆಟ್ ಇಡಬಹುದು. ಇಲ್ಲಿ ಇಡೀ ಬಟ್ಟೆಯೇ ನೀರು ಕುಡಿದು ಒಳಗೆ ಇಳಿಸುತ್ತಿತ್ತು. ಇಪ್ಪತ್ನಾಲ್ಕು ಹುಡುಗಿಯರು, ಅವರ ಹೊದಿಕೆ, ಬ್ಯಾಗು, ಮರುದಿನಕ್ಕೆ ಇಟ್ಟಿದ್ದ ಅವಲಕ್ಕಿ, ಎಲ್ಲವೂ ತೊಪ್ಪೆ. ಟೆಂಪೊ ತರಿಸಿ ಸಂಜೆಯೊಳಗೆ ಚಾಮರಾಜಪೇಟೆಗೆ ವಾಪಸು ಬಂದೆವು. ಒಬ್ಬ ಹುಡುಗಿಗೆ ಜ್ವರ ಬಂದು ಒಂದು ವಾರ ಸ್ಕೂಲಿಗೆ ಬರಲಿಲ್ಲ.

ನಾನು ಆ ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಟೀಚರ್. ಒಂಬತ್ತನೇ ಕ್ಲಾಸಿನವರನ್ನು ವರ್ಷಕ್ಕೊಮ್ಮೆ ರಾಮನಗರದ ಕಡೆ ಒಂದು ಬೆಟ್ಟದ ಬುಡಕ್ಕೆ ಮೂರು ದಿನ ಕರೆದೊಯ್ಯುವುದು ನಾನೇ ಶುರು ಮಾಡಿದ ಪದ್ಧತಿ. ನಮ್ಮ ಹುಡುಗಿಯರು ಹೆಚ್ಚಿನವರು ಸುತ್ತಮುತ್ತಲ ಪೇಟೆಗಳ ಒಂದು ರೂಮು, ಎರಡು ರೂಮಿನ ಮನೆಗಳವರು. ನೆಂಟರ ಮದುವೆ ಬಿಟ್ಟರೆ ಇನ್ನೆಲ್ಲೂ ಮನೆಯ ಹೊರಗೆ ಮಲಗಿದವರಲ್ಲ. ಆ ಮೂರು ದಿನ ಅವರು ಕಾಲುವೆ ತೋಡುತ್ತಾರೆ, ಗಂಟು ಹಾಕುತ್ತಾರೆ, ಅನ್ನ ಸೀಯಿಸುತ್ತಾರೆ, ಸೀದದ್ದನ್ನು ನಗುತ್ತಾ ತಿನ್ನುತ್ತಾರೆ. ತಮ್ಮನಿಗೆ ಹಾಲು ಕಾಯಿಸಬೇಕು ಎಂದು ಅವರನ್ನು ಯಾರೂ ಕೂಗುವುದಿಲ್ಲ. ಇದನ್ನು ನೋಡುವುದಕ್ಕೆಂದೇ ನಾನು ವರ್ಷವಿಡೀ ಸೀಟಿ ಊದುತ್ತೇನೆ ಎಂದರೂ ಸುಳ್ಳಲ್ಲ.

ಹಾಗಾಗಿ ಸಿಟ್ಟು ಬಂತು. ನನ್ನ ಸಿಟ್ಟು ಸ್ಟಾಫ್ ರೂಮಿಗೆಲ್ಲ ಗೊತ್ತಿರುವಂಥದ್ದೇ. ಆ ಟೆಂಟುಗಳು ಹೊಚ್ಚಹೊಸವು. ಹಳೆಯವು ಹರಿದುಹೋಗಿದ್ದರಿಂದ ಅದೇ ಜೂನ್‌ನಲ್ಲಿ ಕಾಟನ್‌ಪೇಟೆಯ ಒಬ್ಬ ಯಜಮಾನರ ಹತ್ತಿರ ಹೊಲಿಸಿದ್ದೆವು. ದಪ್ಪ ಕ್ಯಾನ್ವಾಸ್ ಬಟ್ಟೆ, ಎರಡು ಕಂಬ, ನಡುವೆ ಅಡ್ಡಕಂಬ, ಹಳೇ ಕಾಲದ ಮಾದರಿ. ನಮ್ಮ ಸ್ಟೇಜಿನ ಪರದೆ, ಕಿಟಕಿಗಳ ಪರದೆ, ಸ್ಪೋರ್ಟ್ಸ್ ಡೇಗೆ ಬೇಕಾದ ತಾಡಪಾಲು ಎಲ್ಲವನ್ನೂ ವರ್ಷಾನುಗಟ್ಟಲೆಯಿಂದ ಹೊಲಿಯುತ್ತಿದ್ದವರು ಅವರೇ. ನಾನು ಸ್ಕೂಲಿನ ಲೆಟರ್‌ಹೆಡ್ ತೆಗೆದುಕೊಂಡು, "ಕಳಪೆ ಬಟ್ಟೆ ಕೊಟ್ಟು ಮಕ್ಕಳ ಆರೋಗ್ಯಕ್ಕೆ ಅಪಾಯ ತಂದಿದ್ದೀರಿ, ಇನ್ನು ಮುಂದೆ ನಿಮಗೆ ಯಾವ ಕೆಲಸವನ್ನೂ ಕೊಡುವುದಿಲ್ಲ" ಎಂದು ಬರೆದು, ಎಚ್.ಎಂ. ಮೇಡಂ ಸಹಿ ಹಾಕಿಸಿ ಕಳಿಸಿದೆ.

ಯಜಮಾನರು ಆ ಕಾಗದ ಹಿಡಿದುಕೊಂಡು ಸ್ಕೂಲಿಗೆ ಬಂದರು. ವರಾಂಡದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು.

"ಮೇಡಂ, ಟೆಂಟ್ ಒಂದ್ಸಲ ನೋಡ್ಲಾ?" ಎಂದರು.

"ಟೆಂಟ್ ನೋಡೋದೇನಿದೆ ಯಜಮಾನ್ರೇ? ಜ್ವರ ಬಂದು ಮಲಗಿರೋ ಹುಡುಗೀನ ಹೋಗಿ ನೋಡಿ" ಎಂದೆ.

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಬೆಲ್ ಆಯಿತೆಂದು ಗ್ರೌಂಡಿಗೆ ನಡೆದುಬಿಟ್ಟೆ. ಬೆಲ್ ಆಗಿರಲಿಲ್ಲ.

ಮುಂದಿನ ಜೂನ್‌ನಲ್ಲಿ ಸ್ಕೂಲು ತೆರೆಯಿತು. ಕ್ಯಾಂಪಿನ ಮಾತು ಎತ್ತಿದೆ. ಎಚ್.ಎಂ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಾಗೆ ಇಟ್ಟರೆ ವಿಷಯ ಗಂಭೀರ ಎಂದರ್ಥ.

"ಕ್ಯಾಂಪ್ ಬೇಡ ಅಂತ ಕಮಿಟಿಯಲ್ಲಿ ಎಲ್ಲರೂ ಹೇಳ್ತಿದಾರೆ."

"ಮೇಡಂ, ಒಂದು ಟೆಂಟ್ ಸೋರ್ತು ಅಂತ ಹುಡುಗೀರಿಗೆ ಶಿಕ್ಷೆ ಕೊಡೋದಾ?"

"ಒಂದಲ್ಲ, ನಾಲ್ಕು. ಸರಿ, ಹೀಗೆ ಮಾಡಿ. ಯಾವ ಟೆಂಟ್ ಬೇಕು ಅಂತ ನೀವೇ ಆರ್ಸಿ. ದಸರಾ ರಜಕ್ಕೆ ಮುಂಚೆ ನನ್ನ ಕಣ್ಣೆದುರಿಗೆ ನೀರು ಸುರಿದು ತೋರ್ಸಿ. ಒಂದು ಹನಿ ಒಳಗೆ ಬಿದ್ರೆ ಕ್ಯಾಂಪ್ ಇಲ್ಲ. ಈ ವರ್ಷಕ್ಕೆ ಅಂತಲ್ಲ, ಈ ಸ್ಕೂಲಲ್ಲಿ ಇನ್ನು ಯಾವತ್ತೂ ಇಲ್ಲ."

ಒಪ್ಪಿಕೊಂಡು ಹೊರಗೆ ಬಂದೆ. ಟೆಂಟು ಆರಿಸುವುದೇನು ಮಹಾ ಎಂದುಕೊಂಡಿದ್ದೆ. ಮುಂದಿನ ಎರಡು ತಿಂಗಳು ನನಗೆ ಅದೇ ಕೆಲಸವಾಯಿತು.

ಮೊದಲು ನಮ್ಮ ಬೀದಿಯ ಶಾಮಿಯಾನದವನನ್ನು ಕೇಳಿದೆ. "ಯಾಕೆ ಮೇಡಂ ಟೆಂಟು? ಮದುವೆ ಶಾಮಿಯಾನಾನೇ ಹಾಕ್ಕೊಡ್ತೀನಿ. ಸುತ್ತಲೂ ಸೈಡ್ ಕಟ್ತೀನಿ, ಫ್ಯಾನ್ ಬರುತ್ತೆ, ಬೇಕಂದ್ರೆ ಆರತಕ್ಷತೆ ಕುರ್ಚಿನೂ ಇದೆ" ಎಂದ. ಬೆಟ್ಟದ ಬುಡದಲ್ಲಿ ಕರೆಂಟು ಎಲ್ಲಿಂದ ತರಲಿ ಮಾರಾಯಾ ಎಂದು ನಕ್ಕು ಬಂದೆ. ಆಮೇಲೆ ಯಾರೋ ಹೇಳಿದರೆಂದು ಗಾಂಧಿನಗರಕ್ಕೆ ಹೋದೆ. ಅಲ್ಲಿ ಶೂಟಿಂಗಿಗೆ ಟೆಂಟು ಬಾಡಿಗೆ ಕೊಡುವ ಒಬ್ಬರಿದ್ದರು. ಟೆಂಟೇನೋ ದೊಡ್ಡದಾಗಿತ್ತು. ಆದರೆ ಅದನ್ನು ನಿಲ್ಲಿಸಲು ಅವರ ಕಡೆಯ ಆರು ಗಂಡಸರು ಬರಬೇಕಂತೆ. ಟೆಂಟು ಹಾಕುವುದನ್ನು ಕಲಿಯುವುದೇ ನಮ್ಮ ಕ್ಯಾಂಪಿನ ಮೊದಲ ಪಾಠ. ಬೇರೆಯವರು ಹಾಕಿಕೊಟ್ಟ ಟೆಂಟಿನಲ್ಲಿ ಹುಡುಗಿಯರು ಏನು ಕಲಿಯಬೇಕು?

ಜುಲೈನಲ್ಲಿ ಈಗಿನ ಕಾಲದ್ದೊಂದನ್ನು ಪರೀಕ್ಷೆಗೆಂದು ತರಿಸಿದೆ. ಗುಮ್ಮಟದ ಆಕಾರ, ನೀಲಿ ಬಣ್ಣ, ತೂಕ ಒಂದು ಕುಂಬಳಕಾಯಿಯಷ್ಟು. ಡಬ್ಬದ ಮೇಲೆ ನಾಲ್ಕು ಜನಕ್ಕೆ ಎಂದು ಬರೆದಿತ್ತು. ಸ್ಕೂಲಿನ ಗ್ರೌಂಡಿನಲ್ಲಿ ಹುಡುಗಿಯರೇ ಹತ್ತು ನಿಮಿಷದಲ್ಲಿ ನಿಲ್ಲಿಸಿದರು. ನನಗೆ ಆಗಲೇ ಅರ್ಧ ಗೆದ್ದ ಸಂತೋಷ. ತೋಟಕ್ಕೆ ನೀರು ಬಿಡುವ ಪೈಪು ಹಿಡಿದು ಮೇಲಿನಿಂದ ಸುರಿದೆ. ಸೋರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಬೇಕು, ಒಂದು ಹನಿಯೂ ಒಳಗೆ ಇಳಿಯಲಿಲ್ಲ.

ಆಮೇಲೆ ನಾಲ್ವರು ಹುಡುಗಿಯರನ್ನು ಬ್ಯಾಗಿನ ಸಮೇತ ಒಳಗೆ ಮಲಗಿಸಿದೆ. ಒಬ್ಬಳ ಕಾಲು ಬಾಗಿಲ ಹೊರಗೆ ಬಂತು. ಬ್ಯಾಗು ತೆಗೆದರೆ ಕಾಲು ಒಳಗೆ ಹೋಗುತ್ತದೆ, ಬ್ಯಾಗು ಮಳೆಯಲ್ಲಿ ನೆನೆಯುತ್ತದೆ. ಡಬ್ಬದವರು ಯಾವ ನಾಲ್ಕು ಜನವನ್ನು ಅಳೆದಿದ್ದರೋ ಭಗವಂತನಿಗೇ ಗೊತ್ತು. ಜಿಪ್ ಎಳೆದು ಒಂದು ಪೀರಿಯಡ್ ಹಾಗೇ ಇರಲು ಹೇಳಿದೆ. ಇಪ್ಪತ್ತು ನಿಮಿಷಕ್ಕೆ ಒಳಗಿನಿಂದ ಕೂಗು ಬಂತು.

"ಮಿಸ್, ಒಳಗಡೆನೇ ಮಳೆ ಬರ್ತಿದೆ!"

ತೆಗೆದು ನೋಡಿದರೆ ಅವರ ಉಸಿರೇ ಆವಿಯಾಗಿ ಬಟ್ಟೆಯ ಒಳಮೈಗೆ ಕೂತು ತೊಟ್ಟಿಕ್ಕುತ್ತಿತ್ತು. ನೀರನ್ನು ಒಳಗೆ ಬಿಡದ ಬಟ್ಟೆ ಉಸಿರನ್ನು ಹೊರಗೂ ಬಿಡುವುದಿಲ್ಲ. ಮೇಲೆ ಗಾಳಿಯಾಡುವ ಕಿಂಡಿ ತೆರೆದರೆ ಸರಿಹೋಗುತ್ತದೆಂದು ಡಬ್ಬದಲ್ಲಿದ್ದ ಚೀಟಿ ಹೇಳಿತು. ಕಿಂಡಿ ತೆರೆದು ಇನ್ನೊಂದು ದಿನ ಇಟ್ಟೆವು. ಆವಿ ಕಡಿಮೆಯಾಯಿತು. ಅಷ್ಟರಲ್ಲಿ ಆಷಾಢದ ಗಾಳಿ ಬೀಸಿ, ಖಾಲಿ ಟೆಂಟು ಗೂಟ ಕಿತ್ತುಕೊಂಡು ಎದ್ದು ಹೋಗಿ ಸೈಕಲ್ ಸ್ಟ್ಯಾಂಡಿಗೆ ಬಡಿಯಿತು. ತೆಳುವಾದ ಕೋಲು ಲಟಕ್ಕೆಂದು ಮುರಿಯಿತು. ಬಿದಿರಾದರೆ ಇನ್ನೊಂದು ಕಡಿದು ತರಬಹುದು, ಇದಕ್ಕೆ ಬೆಟ್ಟದ ಬುಡದಲ್ಲಿ ಎಲ್ಲಿಗೆ ಹೋಗಲಿ?

ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುವ ಇಬ್ಬರಿಗೆ ಅದು ಒಳ್ಳೆಯ ಟೆಂಟೇ. ನಮ್ಮದು ಹಾಗಲ್ಲ. ನಾವು ಟೆಂಪೊದಲ್ಲಿ ಹೋಗುವವರು, ತೂಕದ ಚಿಂತೆ ಇಲ್ಲ. ಒಂದೇ ಜಾಗದಲ್ಲಿ ಮೂರು ದಿನ ಇರುವವರು. ಆರಾರು ಜನ ಒಟ್ಟಿಗೆ ಮಲಗಿ ಪಿಸುಗುಡುವವರು. ಯಾವ ಟೆಂಟು ಒಳ್ಳೆಯದು ಎಂದು ಕೇಳಿಕೊಂಡು ಇಡೀ ಬೆಂಗಳೂರು ಸುತ್ತಿದ್ದೆ. ಒಳಗೆ ಯಾರು ಮಲಗುತ್ತಾರೆ ಎಂದು ಮೊದಲು ಕೇಳಿಕೊಂಡಿದ್ದರೆ ಆಟೋದ ಓಡಾಟವಾದರೂ ಉಳಿಯುತ್ತಿತ್ತು. ನಮಗೆ ಬೇಕಾದದ್ದು ನನ್ನ ಪಿ.ಟಿ. ರೂಮಿನ ಮೂಲೆಯಲ್ಲಿ ಸುತ್ತಿ ಬಿಸಾಡಿದ್ದ ಆ ಕ್ಯಾನ್ವಾಸ್ ಟೆಂಟೇ, ಸೋರದೇ ಇರುವಂಥದ್ದು.

ಕ್ಯಾನ್ವಾಸ್ ಟೆಂಟು ಹೊಲಿಯುವವರು ಬೇರೆ ಯಾರಿದ್ದಾರೆಂದು ಚಿಕ್ಕಪೇಟೆಯ ಗಲ್ಲಿಗಳಲ್ಲಿ ವಿಚಾರಿಸಿದೆ. ಮೂರು ಅಂಗಡಿಯಲ್ಲೂ ಒಂದೇ ಉತ್ತರ. "ಈಗ ಯಾರ್ ಮೇಡಂ ಅದನ್ನ ಹೊಲೀತಾರೆ? ಕಾಟನ್‌ಪೇಟೇಲಿ ಒಬ್ರು ಯಜಮಾನ್ರಿದಾರೆ, ಅವರೊಬ್ರೇ" ಎಂದರು. ಯಾರ ಮುಖ ನೋಡಬಾರದು ಎಂದುಕೊಂಡಿದ್ದೆನೋ ಎಲ್ಲರೂ ಅವರ ಮನೆಯ ದಾರಿಯನ್ನೇ ತೋರಿಸುತ್ತಿದ್ದರು.

ಆಗಸ್ಟಿನ ಒಂದು ಶನಿವಾರ, ಸೋರಿದ ಟೆಂಟುಗಳಲ್ಲೊಂದನ್ನು ಆಟೋಗೆ ಹೇರಿಕೊಂಡು ಹೊರಟೆ. ಹೋಗಿ ಕ್ಷಮೆ ಕೇಳುವ ಉದ್ದೇಶವೇನೂ ನನಗಿರಲಿಲ್ಲ. ಈ ಸಲವಾದರೂ ಒಳ್ಳೆಯ ಬಟ್ಟೆ ಹಾಕಿ ಎಂದು ಬೈದು ಕೊಟ್ಟು ಬರೋಣ ಎಂದುಕೊಂಡಿದ್ದೆ.

ಯಜಮಾನರು ಮೆಷಿನ್ ಮುಂದೆ ಕೂತು ಏನೋ ದಪ್ಪ ಬಟ್ಟೆಗೆ ಅಂಚು ಕಟ್ಟುತ್ತಿದ್ದರು. ನನ್ನನ್ನು ನೋಡಿ ಎದ್ದರು. "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದರು. ಅಷ್ಟೇ. ಕಾಗದದ ಮಾತೇ ಇಲ್ಲ. ಆಟೋದಿಂದ ಟೆಂಟು ಇಳಿಸಿ, ಅಂಗಡಿಯ ಮುಂದಿನ ಜಗಲಿಯ ಮೇಲೆ ಹರಡಿದರು. ಮೊದಲು ಹೊಲಿಗೆ ನೋಡಿದರು. ಒಂದೊಂದು ಹೊಲಿಗೆಯನ್ನೂ ಬೆಳಕಿಗೆ ಹಿಡಿದು, ಬೆರಳಾಡಿಸಿ, ಈ ತುದಿಯಿಂದ ಆ ತುದಿಯವರೆಗೆ. ನಾನು ಎರಡು ಸಲ ಗಡಿಯಾರ ನೋಡಿಕೊಂಡೆ.

"ಹೊಲಿಗೆ ಎಲ್ಲೂ ಬಿಟ್ಟಿಲ್ಲ" ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಮೇಡಂ, ಹೋದ್ವರ್ಷ ಟೆಂಟ್ ಕೊಟ್ಟ ಮೇಲೆ ಜುಲೈನಲ್ಲಿ ಗ್ರೌಂಡಲ್ಲಿ ಒಂದ್ಸಲ ಹಾಕಿದ್ವಿ ಅಂದಿದ್ರಲ್ಲ? ಆಗ ಮಳೆ ಬಂದಿತ್ತಾ?"

"ಬಂದಿತ್ತು."

"ಸೋರ್ತಾ?"

ಸೋರಿರಲಿಲ್ಲ. ಅದು ನನಗೆ ನೆನಪೇ ಇರಲಿಲ್ಲ. ಅವರು ಕೇಳಿದಾಗ ಇಡೀ ದೃಶ್ಯ ಕಣ್ಣ ಮುಂದೆ ಬಂತು. ಹುಡುಗಿಯರು ಒಳಗೆ ಕೂತು ಅಂತ್ಯಾಕ್ಷರಿ ಹಾಡಿದ್ದರು.

"ಜುಲೈನಲ್ಲಿ ಸೋರಿಲ್ಲ, ದೀಪಾವಳಿ ಆದ್ಮೇಲೆ ಸೋರಿದೆ. ಮಧ್ಯದಲ್ಲಿ ಏನೋ ಆಗಿದೆ" ಎಂದು ಯಜಮಾನರು ಒಳಗಿನಿಂದ ಒಂದು ಚೊಂಬು ನೀರು ತಂದು ಬಟ್ಟೆಯ ಮೇಲೆ ಸುರಿದರು. ನೀರು ನಿಲ್ಲದೆ ಒಳಗಿಳಿಯಿತು. ಒದ್ದೆಯಾದ ಜಾಗವನ್ನು ಹೆಬ್ಬೆರಳಿನಲ್ಲಿ ಗಸಗಸ ಉಜ್ಜಿದರು.

ನೊರೆ ಬಂತು.

ಬಿಳಿ ನೊರೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬರುವಂಥದ್ದೇ. ಯಜಮಾನರು ಬೆರಳನ್ನು ಮೂಸಿ ನೋಡಿ ನನ್ನ ಕಡೆಗೆ ಚಾಚಿದರು. "ನೋಡಿ ಮೇಡಂ, ನಿಂಬೆಹಣ್ಣಿನ ವಾಸನೆ. ಏನ್ ಹಾಕಿ ತೊಳೆದ್ರಿ?"

ಏನು ಹಾಕಿ ತೊಳೆದೆವು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಯುಧಪೂಜೆ! ಮುನ್ನಾದಿನ ಪಿ.ಟಿ. ರೂಮಿನ ಸಾಮಾನೆಲ್ಲ ತೊಳೆದು ಪೂಜೆಗೆ ಇಡುವುದು ನಮ್ಮ ಸ್ಕೂಲಿನ ಪದ್ಧತಿ. ಶಾಟ್‌ಪುಟ್ ಗುಂಡು, ಡಂಬೆಲ್ಸು, ಥ್ರೋಬಾಲ್ ನೆಟ್ಟು, ಎಲ್ಲಕ್ಕೂ ಸ್ನಾನ, ವಿಭೂತಿ, ಕುಂಕುಮ, ಚೆಂಡುಹೂವು. ಆ ವರ್ಷ ಹೊಸ ಟೆಂಟುಗಳಿಗೂ ಸ್ನಾನ. ಗ್ರೌಂಡಿನಲ್ಲಿ ಹಾಕಿದಾಗ ಮಣ್ಣಾಗಿದ್ದವು, ಮಣ್ಣಿನ ಸಮೇತ ದೇವರ ಮುಂದೆ ಇಡುವುದು ಹೇಗೆ? ನಿಂಬೆ ಪರಿಮಳದ ಸೋಪಿನ ಪುಡಿ ಮೂರು ದೊಡ್ಡ ಪ್ಯಾಕೆಟ್ ನಾನೇ ತಂದಿದ್ದೆ. ನೀರು ಬಿಸಿ ಮಾಡಿಸಿದ್ದೂ ನಾನೇ. ಹುಡುಗಿಯರು ತೊಟ್ಟಿಯಲ್ಲಿ ಇಳಿದು ಜಮಖಾನ ತುಳಿದಂತೆ ತುಳಿದರು, ಬ್ರಷ್ಷಿನಲ್ಲಿ ತಿಕ್ಕಿದರು. ಟೆಂಟುಗಳು ಬೆಳ್ಳಗೆ ಹೊಳೆದವು. ನಾಲ್ಕಕ್ಕೂ ಕುಂಕುಮ ಇಟ್ಟು, ಗೇಟಿನಲ್ಲಿ ಬೂದುಗುಂಬಳಕಾಯಿ ಒಡೆದು, ಕಡಲೆಪುರಿ ಹಂಚಿದ್ದೆವು. ನೀರು ಕಚ್ಚದಂತೆ ಯಜಮಾನರು ಬಟ್ಟೆಗೆ ಹಚ್ಚಿದ್ದ ಮೇಣವನ್ನು ನಾನು ಭಕ್ತಿಯಿಂದ ಉಜ್ಜಿ ಉಜ್ಜಿ ತೆಗೆದಿದ್ದೆ.

ಎಲ್ಲವನ್ನೂ ಹೇಳಿದೆ. ಯಜಮಾನರು ನಗಲಿಲ್ಲ, ಬಯ್ಯಲೂ ಇಲ್ಲ. ನೊರೆ ಅಂಟಿದ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಒಂಬತ್ತು ತಿಂಗಳಿಂದ ಯೋಚನೆ ಮಾಡ್ತಿದೀನಿ ಮೇಡಂ, ನನ್ನ ಹೊಲಿಗೆ ಎಲ್ಲಿ ತಪ್ಪಿತು ಅಂತ. ರಾತ್ರಿ ಮಲಗಿದ್ರೂ ಕಣ್ಣಿಗೆ ಹೊಲಿಗೇನೇ ಬರ್ತಿತ್ತು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾನು ಹುಡುಗಿಯರಿಗೆ ಗ್ರೌಂಡಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ತಪ್ಪಾಯ್ತು ಯಜಮಾನ್ರೇ. ಅವತ್ತು ನೀವು ನೋಡ್ತೀನಿ ಅಂದಾಗ ನೋಡೋಕೆ ಬಿಡಬೇಕಿತ್ತು" ಎಂದೆ. ನಾಚಿಕೆಯಿಂದ ಅಳು ಬರುತ್ತಿತ್ತು, ಸುಮ್ಮನೆ ಹೇಳುತ್ತಿಲ್ಲ.

"ಈಗ ಅಳ್ತಾ ಕೂತ್ರೆ ನೊರೆ ಹೋಗಲ್ಲ. ಬರೀ ತಣ್ಣೀರಲ್ಲಿ ಜಾಲಿಸ್ಬೇಕು. ಉಜ್ಜಿದ್ರೆ ನೊರೆ ಬರದೇ ಇರೋವರೆಗೂ. ಆಮೇಲೆ ನೆರಳಲ್ಲಿ ಒಣಗಿಸಿ ತನ್ನಿ, ನೋಡೋಣ" ಎಂದು ಎದುರು ಹೋಟೆಲಿನ ಕಡೆ ತಿರುಗಿ ಎರಡು ಕಾಫಿಗೆ ಕೂಗಿದರು.

ಭಾನುವಾರ ನಾನೂ ಅಟೆಂಡರ್ ಅಮ್ಮನೂ ಸ್ಕೂಲಿನ ತೊಟ್ಟಿಯಲ್ಲಿ ನಾಲ್ಕು ಟೆಂಟುಗಳನ್ನು ಜಾಲಿಸಿದೆವು. ಒಂಬತ್ತನೆಯ ನೀರಿಗೆ ನೊರೆ ನಿಂತಿತು. ಅಟೆಂಡರ್ ಅಮ್ಮ ಸೊಂಟ ಹಿಡಿದುಕೊಂಡು, "ಇಷ್ಟು ಸೋಪು ನನ್ ಮನೇಲಿ ಒಂದು ವರ್ಷಕ್ಕೂ ಖರ್ಚಾಗಲ್ಲ ಮಿಸ್" ಎಂದರು. ಒಣಗಿದ ಮೇಲೆ ಹರಡಿ ನೋಡಿದರೆ ಎರಡಕ್ಕೆ ಬೂಷ್ಟು ಹಿಡಿದು ಕಪ್ಪು ಚುಕ್ಕೆಗಳು ಬಿದ್ದಿದ್ದವು. ಒದ್ದೆಯಲ್ಲೇ ಸುತ್ತಿ ಮೂಲೆಗೆ ಎಸೆದಿದ್ದೆನಲ್ಲ, ಸಿಟ್ಟಿನಲ್ಲಿ. ಚುಕ್ಕೆಯ ಜಾಗದಲ್ಲಿ ಬಟ್ಟೆ ಎಳೆದರೆ ಪರ್ರೆಂದಿತು. ಕೋಪದಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಎರಡು ಹೋದವು, ಎರಡು ಉಳಿದವು.

ಈಗ ನನ್ನ ಮುಂದೆ ಇನ್ನೊಂದು ಕೆಲಸವಿತ್ತು. ಎರಡು ಹಳೆಯವಕ್ಕೆ ಮೇಣ ಹಚ್ಚಿಸಬೇಕು, ಎರಡು ಹೊಸದಾಗಿ ಹೊಲಿಸಬೇಕು. ಅದೂ ಅದೇ ಯಜಮಾನರ ಹತ್ತಿರ. ಅವರಿಗೆ ಕೆಲಸ ಕೊಡಬಾರದೆಂದು ಸ್ಕೂಲಿನ ಕಾಗದವೇ ಇದೆ. ಹಳೆಯದು ಹಾಳಾಯಿತು, ಬೇರೆ ಕಡೆ ಹೊಲಿಸಿದೆ ಎಂದು ಹೇಳಿ ದಾಟಿಕೊಳ್ಳಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ನಿಜ ಹೇಳಿದರೆ ಟೆಂಟಿನ ಮೇಲಿದ್ದ ಅನುಮಾನ ನನ್ನ ಮೇಲೆ ಬರುತ್ತದೆ. ತೊಳೆಯುವುದೂ ಗೊತ್ತಿಲ್ಲದವಳ ಕೈಗೆ ಇಪ್ಪತ್ನಾಲ್ಕು ಮಕ್ಕಳನ್ನು ಯಾರು ಕೊಡುತ್ತಾರೆ? ಎರಡು ದಿನ ಇದನ್ನೇ ತಿರುಗಾಮುರುಗಾ ಯೋಚಿಸಿದೆ. ಕಣ್ಣಿಗೆ ಹೊಲಿಗೆಯೇ ಬರುತ್ತಿತ್ತು ಎಂದ ಯಜಮಾನರ ಮಾತು ಕಿವಿಯಲ್ಲೇ ಇತ್ತು. ಬುಧವಾರ ಅಸೆಂಬ್ಲಿ ಮುಗಿದ ಕೂಡಲೇ ಎಚ್.ಎಂ. ಮೇಡಂ ರೂಮಿಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಕನ್ನಡಕ ತೆಗೆದಿಟ್ಟರು.

"ಆ ಕಾಗದಕ್ಕೆ ಸಹಿ ಹಾಕಿದ್ದು ನಾನು" ಎಂದರು.

"ಬರೆದಿದ್ದು ನಾನು ಮೇಡಂ."

"ಹಾಗಾದ್ರೆ ಇನ್ನೊಂದು ಬರೀರಿ. ಅದೇ ಲೆಟರ್‌ಹೆಡ್‌ನಲ್ಲಿ. ಮೊದಲನೇದನ್ನ ಎಷ್ಟು ಖಾರವಾಗಿ ಬರೆದಿದ್ರೋ ಅಷ್ಟೇ ಸ್ಪಷ್ಟವಾಗಿ ತಪ್ಪು ಯಾರದು ಅಂತ ಬರೀರಿ. ಸಹಿ ಹಾಕ್ತೀನಿ." ಕನ್ನಡಕ ಹಾಕಿಕೊಂಡರು. "ಆದ್ರೆ ಪರೀಕ್ಷೆ ಪರೀಕ್ಷೇನೇ. ಒಂದು ಹನಿ ಅಂದಿದೀನಿ."

ಆ ಎರಡನೆಯ ಕಾಗದವನ್ನು ನಾನೇ ಯಜಮಾನರ ಕೈಗೆ ಕೊಟ್ಟ ಮೇಲೆ ಅವರ ಮಹಡಿಯ ಮೇಲೆ ಮೂರು ಭಾನುವಾರ ಕೆಲಸ ನಡೆಯಿತು. ಟರ್ಪೆಂಟೈನಿನಲ್ಲಿ ಕರಗಿಸಿದ ಮೇಣವನ್ನು ಅಗಲ ಬ್ರಷ್ಷಿನಲ್ಲಿ ಹಚ್ಚುವುದು, ಬಿಸಿಲಲ್ಲಿ ಬಟ್ಟೆ ಅದನ್ನು ಕುಡಿಯಲು ಬಿಡುವುದು, ಮತ್ತೆ ಹಚ್ಚುವುದು. ಹತ್ತಿರ ಬೆಂಕಿಕಡ್ಡಿ ಗೀರುವ ಹಾಗಿಲ್ಲ. ಹೊಸ ಟೆಂಟುಗಳನ್ನು ಹೊಲಿದಾದ ಮೇಲೆ ಯಜಮಾನರು ಅವಕ್ಕೆ ಎರಡು ಸಲ ನೀರು ಚಿಮುಕಿಸಿ ಒಣಗಿಸಿದರು. ಯಾಕೆಂದು ಕೇಳಿದೆ. "ಸೂಜಿ ಹೋದ ತೂತಿದೆಯಲ್ಲ ಮೇಡಂ, ನೀರು ಕುಡಿದ್ರೆ ದಾರ ಊದ್ಕೊಂಡು ಅದನ್ನ ಮುಚ್ಚುತ್ತೆ. ಮೊದಲನೇ ಮಳೇಗೆ ಯಾವತ್ತೂ ಮಕ್ಕಳನ್ನ ಒಳಗೆ ಮಲಗಿಸ್ಬಾರ್ದು" ಎಂದರು. ಇಷ್ಟು ವರ್ಷ ಕ್ಯಾಂಪು ನಡೆಸಿಯೂ ಇದು ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಪರೀಕ್ಷೆ. ಗ್ರೌಂಡಿನಲ್ಲಿ ಒಂದು ಹೊಸ ಟೆಂಟು, ಒಂದು ಹಳೆಯದು. ಯಜಮಾನರು ಇಸ್ತ್ರಿ ಹಾಕಿದ ಷರ್ಟು ತೊಟ್ಟು ಬಂದಿದ್ದರು. ಸ್ಕೂಲಿನ ಎಲ್ಲ ಕಿಟಕಿಗಳಲ್ಲೂ ಹುಡುಗಿಯರ ತಲೆ. ಎಚ್.ಎಂ. ಮೇಡಂ ಬಂದು ಎರಡನ್ನೂ ನೋಡಿದರು.

"ತೊಳೆದಿದ್ದು ಯಾವುದು?"

ತೋರಿಸಿದೆ.

"ಅದ್ರಲ್ಲೇ ಕೂತ್ಕೋತೀನಿ" ಎಂದು ಸೆರಗು ಸುತ್ತಿಕೊಂಡು, ಪ್ಲಾಸ್ಟಿಕ್ ಕುರ್ಚಿ ಸಮೇತ ಒಳಗೆ ಹೋಗಿ ಬಾಗಿಲ ಬಟ್ಟೆ ಇಳಿಸಿಕೊಂಡರು.

ಎರಡು ಪೈಪಿನಲ್ಲಿ ನೀರು ಬಿಟ್ಟೆವು. ಐದು ನಿಮಿಷ, ಹತ್ತು ನಿಮಿಷ. ನೀರು ಮಣಿಮಣಿಯಾಗಿ ಉರುಳಿ ಅಂಚಿನಿಂದ ಇಳಿಯುತ್ತಿತ್ತು. ಹದಿನೈದನೆಯ ನಿಮಿಷಕ್ಕೆ ಒಳಗಿನಿಂದ ದನಿ ಬಂತು.

"ಮಿಸ್, ಒಂದು ಹನಿ ಬಿತ್ತು."

ಮುಗಿಯಿತು ಎಂದುಕೊಂಡೆ. ಯಜಮಾನರು ಬಾಗಿಲ ಹತ್ತಿರ ಹೋಗಿ ಹೊರಗಿನಿಂದಲೇ ಕೇಳಿದರು.

"ಮೇಡಂ, ಒಳಗಡೆಯಿಂದ ಬಟ್ಟೆ ಮುಟ್ಟಿದ್ರಾ?"

ಒಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, "ಮುಟ್ಟಿದೆ. ಒದ್ದೆ ಆಗಿದ್ಯಾ ಅಂತ ನೋಡೋಕೆ ಬೆರಳಿಟ್ಟೆ."

"ನೆಂದಿರೋ ಬಟ್ಟೆ ಒಳಗಿಂದ ಮುಟ್ಟಿದ್ರೆ ಆ ಜಾಗದಲ್ಲಿ ನೀರು ಇಳಿಯುತ್ತೆ ಮೇಡಂ. ಗಾಬರಿ ಆಗ್ಬೇಡಿ. ಹನಿ ಬೀಳೋ ಜಾಗದಿಂದ ಕೆಳಗಿನ ಅಂಚಿನವರೆಗೂ ಬೆರಳು ಎಳೀರಿ. ನೀರು ಅದೇ ಗೆರೆ ಹಿಡ್ಕೊಂಡು ಇಳಿದು ಹೋಗುತ್ತೆ."

ಬಟ್ಟೆಯ ಮೇಲೆ ಬೆರಳಿನ ಉಬ್ಬೊಂದು ಕೆಳಗಿನ ಅಂಚಿನವರೆಗೆ ಇಳಿದದ್ದು ಹೊರಗಿನಿಂದ ಕಂಡಿತು. ಇನ್ನೂ ಅರ್ಧ ಗಂಟೆ ನೀರು ಬಿಟ್ಟೆವು. ಎಚ್.ಎಂ. ಮೇಡಂ ಹೊರಗೆ ಬಂದಾಗ ಹಣೆಯ ಮೇಲೆ ಬೆವರಿತ್ತು, ಸೀರೆ ಒಣಗಿಯೇ ಇತ್ತು.

"ಆ ಹನಿ ನಂದು. ಲೆಕ್ಕಕ್ಕಿಲ್ಲ" ಎಂದರು. ಕಿಟಕಿಗಳಿಂದ ಎದ್ದ ಕೂಗಿಗೆ ಪಕ್ಕದ ರಸ್ತೆಯವರೂ ತಿರುಗಿ ನೋಡಿದರು.

ಪೋಷಕರ ಸಭೆಯಲ್ಲಿ ಹಿಂದಿನ ವರ್ಷ ಜ್ವರ ಬಂದಿದ್ದ ಹುಡುಗಿಯ ತಾಯಿ ಎದ್ದು ನಿಂತರು. ಈ ವರ್ಷ ಅವರ ಎರಡನೆಯ ಮಗಳ ಸರದಿ. "ಟೆಂಟ್ ಹೊಲಿದೋರು ಮೋಸ ಮಾಡಿದ್ರಂತಲ್ಲ ಮಿಸ್, ಈ ಸಲ ಬೇರೆಯವ್ರಾ?" ಎಂದು ಕೇಳಿದರು. ಈ ಸಲವೂ ಅವರೇ, ಮೋಸವೇನೂ ಆಗಿರಲಿಲ್ಲ, ಆಯುಧಪೂಜೆಗೆ ಸೋಪು ಹಾಕಿ ತೊಳೆದು ಕೆಡಿಸಿದ್ದು ನಾನು ಎಂದು ಎಲ್ಲರೆದುರು ಹೇಳಿದೆ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಆ ತಾಯಿ ಕೆನ್ನೆಗೆ ಕೈಯಿಟ್ಟುಕೊಂಡರು. "ಅಯ್ಯೋ ಮಿಸ್, ನಾನೂ ಹಂಗೇ ತೊಳೀತಿದ್ದೆ ಬಿಡಿ. ಹಬ್ಬಕ್ಕೆ ತೊಳೀದೆ ಹೆಂಗಿಡ್ತಾರೆ?" ಎಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಆ ವರ್ಷದ ಆಯುಧಪೂಜೆಗೆ ಟೆಂಟುಗಳನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ, ಕುಂಕುಮವನ್ನು ಕಂಬಕ್ಕೆ ಮಾತ್ರ ಇಟ್ಟೆವು.

ದೀಪಾವಳಿ ಕಳೆದು ಕ್ಯಾಂಪಿಗೆ ಹೋದೆವು. ಟೆಂಟುಗಳ ಬೆನ್ನು ಗಾಳಿಗೆ, ಸುತ್ತ ಒಂದು ಗೇಣು ಕಾಲುವೆ, ಒಲೆ ಮೂವತ್ತು ಹೆಜ್ಜೆ ಆಚೆ. ಎರಡನೆಯ ದಿನವೇ, ಮಧ್ಯಾಹ್ನ ಮೂರಕ್ಕೆ, ಮೋಡ ಕವಿಯಿತು. ಹಿಂದಿನ ವರ್ಷಕ್ಕಿಂತ ಜೋರು ಮಳೆ. ಹುಡುಗಿಯರನ್ನು ಒಳಗೆ ಕಳಿಸಿ, ರೇನ್‌ಕೋಟು ಹಾಕಿಕೊಂಡು ಟೆಂಟಿನಿಂದ ಟೆಂಟಿಗೆ ಓಡಾಡಿದೆ. ನೆಂದ ಹಗ್ಗ ಬಿಗಿದುಕೊಂಡು ಗೂಟ ಕೀಳುತ್ತದೆ, ಅದನ್ನು ಸಡಿಲ ಮಾಡಬೇಕು. ಮಾಡಿದೆ. ಒಂದು ಗಂಟೆಯ ನಂತರವೂ ಮಳೆ ಬಿಟ್ಟಿರಲಿಲ್ಲ. ತೊಳೆದ ಟೆಂಟೊಂದರ ಬಾಗಿಲೆತ್ತಿ ತಲೆ ಒಳಗೆ ಹಾಕಿದೆ. ಆರು ಜನ ಹುಡುಗಿಯರು ಒಂದೇ ಹೊದಿಕೆಯ ಮೇಲೆ ಕೂತು ಅಂತ್ಯಾಕ್ಷರಿ ಆಡುತ್ತಿದ್ದರು. ಹೊದಿಕೆ ಒಣಗಿತ್ತು. ನೆಲ ಒಣಗಿತ್ತು. "ಮಿಸ್, ನಿಮ್ಮ ತಲೆಯಿಂದ ನೀರು ಬೀಳ್ತಿದೆ, ಆಚೆ ಹೋಗಿ" ಎಂದು ಒಬ್ಬಳು ಗದರಿದಳು.

ಆಚೆ ಬಂದು, ಅಡುಗೆಯ ತಾಡಪಾಲಿನ ಕೆಳಗೆ ನಿಂತು ಯಜಮಾನರಿಗೆ ಫೋನು ಮಾಡಿದೆ.

"ಮಳೆ ಬರ್ತಿದೆ ಯಜಮಾನ್ರೇ" ಎಂದೆ.

"ಕೇಳಿಸ್ತಿದೆ. ಹಗ್ಗ ಸಡಿಲ ಮಾಡಿದ್ರಾ?"

"ಮಾಡಿದೆ."

"ಹೊಲಿಗೆ ಹತ್ರ ನೋಡಿದ್ರಾ?"

ನೋಡಿರಲಿಲ್ಲ. ಫೋನು ಕಿವಿಯಲ್ಲೇ ಇಟ್ಟುಕೊಂಡು ಮತ್ತೆ ಮಳೆಗಿಳಿದೆ. ನಾಲ್ಕೂ ಟೆಂಟಿನೊಳಗೆ ಹೋಗಿ, ಹುಡುಗಿಯರನ್ನು ಸರಿಸಿ, ಟಾರ್ಚು ಹಾಕಿ, ಮುಟ್ಟದೆ, ಒಂದೊಂದು ಹೊಲಿಗೆಯನ್ನೂ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಅವರು ಆ ಕಡೆ ಕಾಯುತ್ತಿದ್ದರು.

"ಎಲ್ಲಾ ಹೊಲಿಗೇನೂ ಒಣಗಿದೆ. ಒಂದು ಹನಿಯೂ ಇಲ್ಲ" ಎಂದೆ.

ಅವರು ದೀರ್ಘವಾಗಿ ಉಸಿರು ಬಿಟ್ಟದ್ದು ಮಳೆಯ ಸದ್ದಿನಲ್ಲೂ ಕೇಳಿಸಿತು.

"ಸರಿ ಮೇಡಂ. ಇವತ್ತು ನಿದ್ದೆ ಬರುತ್ತೆ ನಂಗೆ" ಎಂದು ಫೋನಿಟ್ಟರು.